ಅತ್ತೆ ರಸ್ತೆ ದಾಟುವ ಹೊತ್ತಿಗೆ ವಿಮಾನ

ನನ್ನ ಅತ್ತೆಗೆ ಕಣ್ಣು ಕಾಣುವುದಿಲ್ಲ. ಇದನ್ನು ನಾನೇ ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಅವರು ಸತ್ತರೂ ಹೇಳುವವರಲ್ಲ. ಮನೆಗೆ ಯಾರಾದರೂ ಹೊಸಬರು ಬಂದರೆ ಸರಿಯಾಗಿ ಅವರ ಮುಖದ ಕಡೆಗೇ ತಿರುಗಿ, "ಏನ್ರೀ, ಇಷ್ಟೊಂದು ಸೊರಗಿಬಿಟ್ಟೀರಿ?" ಎಂದು ಕೇಳುತ್ತಾರೆ. ಸೊರಗಿದ್ದೀರಿ ಅಂದರೆ ಇಲ್ಲ ಅನ್ನುವ ಮನುಷ್ಯ ನಮ್ಮ ನ್ಯಾಮತಿ ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಬಂದವರು ತಮ್ಮ ಗ್ಯಾಸ್ಟ್ರಿಕ್ಕು, ಬಿಪಿ, ಮಗನಿಗೆ ಹೆಣ್ಣು ಸಿಗದ ಚಿಂತೆ ಎಲ್ಲವನ್ನೂ ತೋಡಿಕೊಂಡು, ಹೋಗುವಾಗ "ಅಜ್ಜಿ ಕಣ್ಣು ಎಷ್ಟು ಚುರುಕೈತೆ ನೋಡ್ರಿ" ಎಂದು ನನಗೇ ಹೇಳಿ ಹೋಗುತ್ತಾರೆ.

ಆ ಕಣ್ಣನ್ನು ಸಕ್ಕರೆ ಕಾಯಿಲೆ ಸ್ವಲ್ಪ ಸ್ವಲ್ಪವಾಗಿ ತಿಂದು ಮುಗಿಸಿ ವರ್ಷಗಳೇ ಆಗಿವೆ. ಆದರೂ ಅತ್ತೆ ದಿನಾ ಬೆಳಿಗ್ಗೆ ಒಬ್ಬರೇ ಮುಖ್ಯರಸ್ತೆ ದಾಟಿ ಆಚೆ ಬದಿಯ ತಂಗಿಯ ಮನೆಗೆ ಹೋಗುತ್ತಿದ್ದರು. ಹೊನ್ನಾಳಿಗೆ ಹೋಗುವ ಆ ರಸ್ತೆ ನಮ್ಮೂರನ್ನು ಎರಡು ಹೋಳು ಮಾಡಿದೆ. ಅಕ್ಕ ಈ ಹೋಳಿನಲ್ಲಿ, ತಂಗಿ ಆ ಹೋಳಿನಲ್ಲಿ. ಅಕ್ಕನಿಗೆ ಕಣ್ಣಿಲ್ಲ, ತಂಗಿಗೆ ಮೊಣಕಾಲಿಲ್ಲ. ಚಿಕ್ಕತ್ತೆ ಮಂಚದಿಂದ ಬಚ್ಚಲಿಗೆ ಹೋಗಿ ಬರುವುದೇ ಒಂದು ಧರ್ಮಸ್ಥಳ ಯಾತ್ರೆ. ಹಾಗಾಗಿ ಹೋಗಬೇಕಾದವರು ಅತ್ತೆಯೇ.

ಹೋಗಿ ಮಾಡುತ್ತಿದ್ದುದೇನು? ಜಗಳ. ಎಲೆ ಅಡಿಕೆ ಹಾಕಿಕೊಂಡು, ಗೋಡೆಗೆ ಒರಗಿ ಕೂತು, ಇಬ್ಬರೂ ಮನದಣಿಯೆ ಜಗಳವಾಡುತ್ತಿದ್ದರು. ಅವ್ವನಿಗೆ ಯಾರ ಮೇಲೆ ಹೆಚ್ಚು ಪ್ರೀತಿ ಇತ್ತು, ಯಾರ ಬಾಣಂತನದಲ್ಲಿ ತುಪ್ಪ ಕಡಿಮೆ ಬಿತ್ತು, ಯಾರ ಗಂಡ ಹೆಚ್ಚು ದಡ್ಡ, ಇವು ಚರ್ಚೆಯ ವಿಷಯಗಳು. ಚಿಕ್ಕತ್ತೆಯ ಗಂಡ ಡೈರಿಗೆ ಹಾಲು ಹಾಕಿ, ಹೋಟೆಲಿನ ಬೆಂಚಿಗೆ ಕೂತು ದೇಶ ಉದ್ಧಾರ ಮಾಡಿ ಬರುವ ತನಕ ಆ ಮನೆ ಇಬ್ಬರದೇ. ಆ ಹೊತ್ತು ಬಿಟ್ಟರೆ ಮನಬಿಚ್ಚಿ ಬೈಯಲು ಆಗುತ್ತಿರಲಿಲ್ಲ. ಫೋನು ಕೊಡಿಸಿ ನೋಡಿದೆವು. "ಫೋನ್ನಾಗೆ ಬೈದ್ರೆ ಏನ್ ಸುಖ ಐತೆ? ಅವಳ ಉಸಿರು ಮೇಲಕ್ಕೆ ಹತ್ತಿದ್ದು ಗೊತ್ತಾಗಾದಿಲ್ಲ" ಎಂದು ಅತ್ತೆ ಅದನ್ನು ಗೂಡಿನಲ್ಲಿ ಇಟ್ಟುಬಿಟ್ಟರು.

ರಸ್ತೆ ದಾಟುವುದು ಪೂರ್ತಿ ಕಿವಿಯ ಮೇಲೆ. ಅಂಚಿಗೆ ಬಂದು, ಕೋಲು ಊರಿ, ತಲೆಯನ್ನು ಕೊಂಚ ವಾಲಿಸಿ ನಿಲ್ಲುವರು. ಲಾರಿ, ಬಸ್ಸು, ಟ್ರ್ಯಾಕ್ಟರು, ಯಾವುದು ಎಷ್ಟು ದೂರ ಎಂದು ತೂಗಿ ನೋಡಿ, ಸೀರೆ ನಿರಿಗೆ ಎತ್ತಿ ಹಿಡಿದು ನೇರವಾಗಿ ನಡೆದುಬಿಡುವರು. ಇದನ್ನು ನೋಡುತ್ತಾ ನಿಂತ ನಾನು ಬಾಯಿ ಬಿಡುವಂತಿರಲಿಲ್ಲ. ನನ್ನ ತವರು ಜಗಳೂರು ತಾಲ್ಲೂಕಿನ ಬಿಳಿಚೋಡು ಕಡೆ. ಅಲ್ಲಿ ಕುರಿ ಕಾಯುವವರು ಈ ಹೊಲದಿಂದ ಆ ಹೊಲಕ್ಕೆ ಕೂಗಿಯೇ ಸಂಸಾರದ ಸುದ್ದಿ ಮಾತಾಡುತ್ತಾರೆ. ನನ್ನ ಗಂಟಲೂ ಅಲ್ಲಿಯದೇ. ಒಂದೇ ಒಂದು ಸಲ ಹಿಂದಿನಿಂದ "ಹುಷಾರು ಅತ್ತೇ" ಎಂದಿದ್ದಕ್ಕೆ, "ಮೆಲ್ಲಕೆ ಒದರೇ ಟೀಚರಮ್ಮಾ, ನಿನ್ನ ಬಾಯಾಗೆ ಬಸ್ಸಿನ ಸದ್ದೇ ಮುಳುಗಿಹೋತು" ಎಂದು ಬೈಸಿಕೊಂಡಿದ್ದೆ.

ಹೀಗಿರುವಾಗ ನಮ್ಮ ಜಿಲ್ಲೆಯ ಗಡಿಯ ಆಚೆಗೆ ವಿಮಾನ ನಿಲ್ದಾಣ ಬಂತು.

ಮೊದಮೊದಲು ಊರಿಗೆ ಊರೇ ತಲೆ ಎತ್ತಿ ಕೈ ಬೀಸುತ್ತಿತ್ತು. ಮೇಲೆ ಹೋಗುವವರೇನು ಇವರ ಸೋದರಮಾವಂದಿರೇ? ಆದರೂ ಬೀಸುತ್ತಿದ್ದರು. ಆಮೇಲೆ ಕುತ್ತಿಗೆ ನೋವು ಬಂದು ಬಿಟ್ಟರು. ದೊಡ್ಡ ವಿಮಾನ ಬೆಳಿಗ್ಗೆ ಒಂದು ಸಲ ನಮ್ಮ ತಲೆಯ ಮೇಲೇ ಇಳಿಯಲು ಬರುತ್ತಿತ್ತು. ಅದು ಹೋಗಲಿ ಎಂದರೆ, ವಿಮಾನ ಓಡಿಸಲು ಕಲಿಯುವವರ ಸಣ್ಣ ಸಣ್ಣ ವಿಮಾನಗಳು ಬೆಳಕು ಹರಿಯುತ್ತಿದ್ದಂತೆ ಎದ್ದು ನಮ್ಮೂರನ್ನೇ ಪ್ರದಕ್ಷಿಣೆ ಹಾಕತೊಡಗಿದವು. ನಮ್ಮ ದೇವರಿಗೂ ಯಾರೂ ಅಷ್ಟು ಪ್ರದಕ್ಷಿಣೆ ಹಾಕಿಲ್ಲ.

ಅತ್ತೆ ರಸ್ತೆಯಂಚಿಗೆ ಬಂದು ನಿಂತ ಹೊತ್ತಿಗೇ ಇವು ಬರುತ್ತಿದ್ದವು. ಅರ್ಧ ಗಂಟೆ ತಡೆದು ಹೋಗಿ ಎಂದೆ. "ಬಸ್ಸಿಗಾದ್ರೂ ಟೈಮ್ ಐತೆ, ಈ ಮುಂಡೇವಕ್ಕೆ ಎಲ್ಲೈತೆ?" ಎಂದರು. ನಿಜವೇ. ಮಂಜು ಬಿದ್ದರೆ ದೊಡ್ಡದು ತಡ, ಬಿಸಿಲಿದ್ದರೆ ಸಣ್ಣವು ಬೇಗ. ಅತ್ತೆಯ ಲೆಕ್ಕಾಚಾರವೆಲ್ಲ ತಪ್ಪಿತು. ಒಂದು ದಿನ ಮೇಲೊಂದು ಗುಂಯ್‌ಗುಟ್ಟುತ್ತಿದ್ದಾಗ, ಅದು ಹೋಗುವ ತನಕ ಕಾಯುವ ತಾಳ್ಮೆ ಸಾಲದೆ ರಸ್ತೆಗೆ ಇಳಿದರು. ಮೆಕ್ಕೆಜೋಳದ ಲಾರಿ ಅವರ ಸೆರಗಿಗೆ ತಾಗುವಷ್ಟು ಹತ್ತಿರ ಬಂದು ಕಿರ್ರೆಂದು ನಿಂತಿತು. ಡ್ರೈವರ್ ಬೈದ. ಅತ್ತೆ ಅವನ ಏಳು ತಲೆಮಾರನ್ನು ಹೊರಗೆಳೆದು ಬೈದರು. ಕೊನೆಗೆ ಅವನೇ ಕೈಮುಗಿದು ಹೋದ.

ಸುದ್ದಿ ಹೊನ್ನಾಳಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ನನ್ನ ಗಂಡನಿಗೆ ಮುಟ್ಟಿತು. ಸಂಜೆ ಬಂದವರೇ ಚಪ್ಪಲಿಯನ್ನೂ ಬಿಡದೆ ಹೇಳಿದರು: "ಅವ್ವಾ, ಇನ್ಮೇಲೆ ಒಬ್ಬಳೇ ಹೋಗಂಗಿಲ್ಲ. ಭಾನುವಾರ ನಾನೇ ಕೈ ಹಿಡ್ಕೊಂಡು ಕರ್ಕೊಂಡು ಹೋಗ್ತೀನಿ."

"ಮದುವ್ಯಾಗೆ ನಿಮ್ಮಪ್ಪನೇ ಸರಿಯಾಗಿ ಕೈ ಹಿಡೀಲಿಲ್ಲ, ನೀನೇನ್ ಹಿಡೀತೀಯ" ಎಂದರು ಅತ್ತೆ. ನಾನು ನಕ್ಕೆ. ಆದರೆ ಗಂಡ ನಗಲಿಲ್ಲ. ಕೋಲನ್ನು ತೆಗೆದುಕೊಂಡು ಹೋಗಿ ಅಟ್ಟದ ಮೇಲೆ ಇಟ್ಟರು. ಅತ್ತೆ ಗೋಡೆ ಮೂಲೆಯಲ್ಲಿ ಕೈಯಾಡಿಸಿದರು. ಕೋಲು ಇರಲಿಲ್ಲ.

"ಇವತ್ತು ನಾನು ಕುರುಡಿ ಆದೆ ನೋಡು" ಎಂದರು.

ಆಮೇಲೆ ನಮ್ಮ ಮನೆ ಹಾಳುಬಿದ್ದಂತಾಯಿತು. ಸಾರಿಗೆ ಉಪ್ಪು ಕಡಿಮೆಯಾದರೂ ಬೈಗುಳವಿಲ್ಲ. ನಾನು ಬೇಕೆಂದೇ ಒಂದು ದಿನ ಉಪ್ಪೇ ಹಾಕಲಿಲ್ಲ. ಸುಮ್ಮನೆ ಉಂಡು ಕೈ ತೊಳೆದರು. ಭಾನುವಾರ ಗಂಡ ಕೈ ಚಾಚಿದರೆ "ನಿದ್ದಿ ಬರ್ತೈತೆ" ಎಂದು ಮಗ್ಗುಲಾದರು. ಆಚೆ ಬದಿಯಿಂದ ಚಿಕ್ಕತ್ತೆ ಹಾಲಿನವನ ಕೈಲಿ ಹೇಳಿ ಕಳಿಸಿದ ಬೈಗುಳಗಳನ್ನು ಅವನು ಮರ್ಯಾದಸ್ಥನಾದ್ದರಿಂದ ಅರ್ಧಕ್ಕರ್ಧ ನುಂಗಿ ಒಪ್ಪಿಸುತ್ತಿದ್ದ. ನನ್ನ ಅತ್ತೆ ಎಂಥ ಗಯ್ಯಾಳಿಯಾದರೂ ಆಗಿರಲಿ, ಹೀಗೆ ಸಾಧುವಾಗಿ ಕೂತದ್ದನ್ನು ನೋಡುವ ಶಕ್ತಿ ನನಗಿರಲಿಲ್ಲ.

ಗ್ರಾಮಸಭೆಯಲ್ಲಿ ವಿಮಾನದ ಸದ್ದಿನ ವಿಷಯ ನಾನೇ ಎತ್ತಿದೆ. ಎತ್ತಿದ್ದೇ ತಡ, ಊರವರಿಗೆಲ್ಲ ಕಷ್ಟಗಳು ನೆನಪಾದವು. ಒಬ್ಬನ ಎಮ್ಮೆ ಹಾಲು ಕರೆಯಲು ಕೂತರೆ ಸೊರೆ ಬಿಡುವುದಿಲ್ಲವಂತೆ. ಇನ್ನೊಬ್ಬನ ಕೋಳಿ ಮೊಟ್ಟೆ ಇಡುವುದನ್ನು ನಿಲ್ಲಿಸಿದೆಯಂತೆ. ಅದು ಹುಂಜ ಎಂದು ಹಿಂದಿನಿಂದ ಯಾರೋ ಕೂಗಿದರು. ಮತ್ತೊಬ್ಬ ಎದ್ದು, ವಿಮಾನ ಬಂದಾಗಿನಿಂದ ತನ್ನ ಹೆಂಡತಿಗೆ ತನ್ನ ಮಾತೇ ಕೇಳಿಸುತ್ತಿಲ್ಲ ಎಂದ. "ಅದು ಮದುವೆ ಆದಾಗಿಂದ್ಲೂ ಕೇಳ್ಸಿಲ್ಲ, ಕೂತ್ಕಳ್ರಿ" ಎಂದಳು ಅವನ ಹೆಂಡತಿ. ನಮ್ಮ ಪಂಚಾಯ್ತಿಗೆ ಅಧ್ಯಕ್ಷೆ ಒಬ್ಬರಿದ್ದಾರೆ, ಮಾತಾಡುವವರು ಮಾತ್ರ ಅವರ ಗಂಡ. ಅಧ್ಯಕ್ಷರ ಯಜಮಾನರು ಎಂದೇ ಊರೆಲ್ಲ ಕರೆಯುವುದು. ಅವರು ಮೇಜು ಕುಟ್ಟಿ, ವಿಮಾನ ನಿಲ್ದಾಣಕ್ಕೆ ಹೋಗಿ ಕೇಳಿಯೇ ಬಿಡೋಣ ಎಂದರು.

ಕೇಳಿದೆವು. ಅಲ್ಲಿಯವರು ನಾವಂದುಕೊಂಡಷ್ಟು ಕೆಟ್ಟವರಾಗಿರಲಿಲ್ಲ. ಸದ್ದು ಎಲ್ಲಿ, ಯಾವಾಗ, ಎಷ್ಟು ಎಂದು ಮೊದಲು ಅಳೆಯೋಣ, ಆದರೆ ನಾವೊಬ್ಬರೇ ಅಳೆದರೆ ನೀವು ನಂಬುವುದಿಲ್ಲ, ನಿಮ್ಮವರೂ ಜೊತೆಗಿರಬೇಕು ಎಂದರು. ನಮ್ಮವರು ಎಂದರೆ ಯಾರು? ಜನಗಣತಿಗೆ ಟೀಚರ್, ಚುನಾವಣೆಗೆ ಟೀಚರ್, ಬಿಸಿಯೂಟದ ಬೇಳೆಗೆ ಟೀಚರ್. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನಾನಿರುವಾಗ ಸದ್ದಿಗೆ ಬೇರೆ ಯಾರನ್ನು ಹುಡುಕುತ್ತಾರೆ? ಈ ಒಂದು ಸಲ ಮಾತ್ರ ನಾನು ಗೊಣಗದೆ ಒಪ್ಪಿಕೊಂಡೆ.

ಅಳೆಯಲು ಬಂದವಳು ಒಬ್ಬಳು ಎಂಜಿನಿಯರ್ ಹುಡುಗಿ, ದಾವಣಗೆರೆಯಲ್ಲಿ ಓದಿದವಳು. ಮೂರು ಕಾಲಿನ ಸ್ಟ್ಯಾಂಡು, ಅದರ ಮೇಲೊಂದು ಮೀಟರು, ಮೀಟರಿನ ತುದಿಗೆ ಗಾಳಿ ತಾಗದಂತೆ ಕಪ್ಪು ಸ್ಪಂಜಿನ ಉಂಡೆ. ಅವಳು ಜೀಪಿನಿಂದ ಇಳಿದು ಒಂದು ಕಾಲು ನೆಲಕ್ಕೆ ಊರಿದಳೋ ಇಲ್ಲವೋ, ಡೊಳ್ಳು ಶುರುವಾಯಿತು.

ನಮ್ಮೂರಿಗೆ ಯಾವ ಅಧಿಕಾರಿ ಬಂದರೂ ಡೊಳ್ಳು ಬಡಿದೇ ಕರೆತರುವುದು. ಪಶು ವೈದ್ಯರಿಗೂ ಬಡಿದಿದ್ದೇವೆ. ಹೀಗಿರುವಾಗ ದೂರದಿಂದ ನಮ್ಮ ಕಷ್ಟ ಅಳೆಯಲು ಬಂದ ಹೆಣ್ಣುಮಗಳನ್ನು ಒಣ ಒಣ ಕರೆಸಿಕೊಳ್ಳುವುದು ಹೇಗೆ? ಯುವಕ ಸಂಘದವರು ಸರಪಟಾಕಿ ಹಚ್ಚಿದರು. ಅಧ್ಯಕ್ಷರ ಯಜಮಾನರು ಮೈಕು ಹಿಡಿದು, ಸದ್ದಿನಿಂದ ಈ ಗ್ರಾಮ ನರಳುತ್ತಿದೆ ಎಂದು ಗಂಟಲು ಹರಿಯುವಂತೆ ಭಾಷಣ ಮಾಡಿದರು. ನಡುವೆ ವಿಮಾನ ಬಂದು ಹೋಯಿತಂತೆ. ಯಾರಿಗೂ ಗೊತ್ತಾಗಲಿಲ್ಲ.

ಹುಡುಗಿ ಸನ್ಮಾನದ ಶಾಲು ಹೊದ್ದುಕೊಂಡೇ ಮೀಟರು ನೋಡಿ, "ಮೇಡಂ, ಇದರಲ್ಲಿ ವಿಮಾನ ಯಾವುದು ಅಂತ ದೇವರೇ ಹೇಳಬೇಕು" ಎಂದಳು. "ಇನ್ನೊಂದು ದಿನ ಬರ್ತೀನಿ. ಊರು ದಿನಾ ಹೆಂಗಿರುತ್ತೋ ಹಂಗೇ ಇರಲಿ."

ಅವಳು ಹೇಳಿದ್ದರಲ್ಲಿ ಊರವರು ಕೇಳಿಸಿಕೊಂಡದ್ದು ಇಷ್ಟೇ: ನಮ್ಮ ಸದ್ದು ಜಾಸ್ತಿಯಾಯಿತು, ವಿಮಾನದ ಸದ್ದು ಕಾಣಲಿಲ್ಲ. ನಮ್ಮ ಸದ್ದು ಪೂರ್ತಿ ತೆಗೆದರೆ ವಿಮಾನ ಸಿಕ್ಕಿಬೀಳುತ್ತದೆ. ಕಟ್ಟೆಯ ಮೇಲೆ ಹಿರಿಯರು ಕೂತು ತೀರ್ಮಾನಿಸಿದರು. ನಾನು ಹಾಗಲ್ಲ ಹೀಗೆ ಎಂದು ಹೇಳಹೋದರೆ, "ಟೀಚರೇ, ಊರ ಒಗ್ಗಟ್ಟು ಮುರೀಬ್ಯಾಡ್ರಿ" ಎಂದರು. ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಅವಳು ಮತ್ತೆ ಬರುವ ದಿನ ಯಾರೂ ತುಟಿ ಪಿಟಕ್ಕೆನ್ನಬಾರದು ಎಂಬುದನ್ನು ಆಟೋಗೆ ಮೈಕು ಕಟ್ಟಿ ಕೇರಿಕೇರಿಗೂ ಕೂಗಿ ಹೇಳಿಸಿದರು.

ಆ ಬೆಳಗನ್ನು ನಾನು ಮರೆಯುವಂತಿಲ್ಲ. ಹಿಟ್ಟಿನ ಗಿರಣಿ ಬಂದ್. ದೇವಸ್ಥಾನದ ಮೈಕು ಬಂದ್. ಪೂಜಾರಿ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತಿ ಮಂಗಳಾರತಿ ಎತ್ತಿದ. ಡೈರಿಯವರು ಹಾಲಿನ ಕ್ಯಾನಿನ ಕೆಳಗೆ ಗೋಣಿಚೀಲ ಹಾಸಿದರು. ಕೋಳಿಗಳು ಕುಕ್ಕೆಯ ಕೆಳಗೆ, ನಾಯಿಗಳು ಪಕ್ಕದ ತಾಂಡಾಕ್ಕೆ. ಹೋಟೆಲಿನವನು ಕಾವಲಿ ಮೇಲೆ ಚುಂಯ್ ಅನ್ನುತ್ತದೆ ಎಂದು ದೋಸೆಯನ್ನೇ ಹುಯ್ಯಲಿಲ್ಲ. ನಲ್ಲಿಯ ಹತ್ತಿರ ಇಬ್ಬರು ಹೆಂಗಸರು ಬರೀ ಕೈಸನ್ನೆಯಲ್ಲೇ ಜಗಳವಾಡುತ್ತಿದ್ದರು, ಸನ್ನೆಗಳು ಮಾತಿಗಿಂತ ಹೊಲಸಾಗಿದ್ದವು.

ಹುಡುಗಿ ಬಂದಳು. ರಸ್ತೆಯ ಪಕ್ಕ, ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲಿ ಮೀಟರು ನಿಲ್ಲಿಸಿದಳು. ಸುತ್ತ ನೋಡಿ ಗಾಬರಿಯಾಗಿ, "ನಾನು ಹಿಂಗೆ ಮಾಡಿ ಅಂದಿರಲಿಲ್ಲವಲ್ಲ..." ಎನ್ನುವಷ್ಟರಲ್ಲಿ ಅಧ್ಯಕ್ಷರ ಯಜಮಾನರು ತುಟಿಗೆ ಬೆರಳಿಟ್ಟು ಅವಳನ್ನೇ ಗದರಿಸಿದರು. ಊರಿನ ಗಂಡಸರೆಲ್ಲ ರಸ್ತೆಯ ಇಬ್ಬದಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದರು. ಅವರಲ್ಲಿ ಯಾರಿಗೂ ಅಲ್ಲಿ ಕೆಲಸವಿರಲಿಲ್ಲ.

ನನ್ನ ಗಂಡ ಅಂಗಡಿಗೆ ಹೋಗಿಯಾಗಿತ್ತು, ನಾನು ಮೀಟರಿನ ಪಕ್ಕ ಇದ್ದೆ. ಮನೆಯಲ್ಲಿ ಯಾರೂ ಇಲ್ಲ. ಇದನ್ನೇ ಕಾಯುತ್ತಿದ್ದ ಅತ್ತೆ ಪೊರಕೆಯ ಹಿಡಿ ಕಿತ್ತು ಅದನ್ನೇ ಕೋಲು ಮಾಡಿಕೊಂಡು ಹೊರಟಿದ್ದರು. ನಾನು ತಿರುಗಿ ನೋಡುವ ಹೊತ್ತಿಗೆ ಅವರು ರಸ್ತೆಯ ಮೇಲಿದ್ದರು. ದಾಟುತ್ತಿರಲಿಲ್ಲ. ರಸ್ತೆಯ ನಟ್ಟನಡುವೆ, ಉದ್ದಕ್ಕೆ, ಹೊನ್ನಾಳಿಯ ದಿಕ್ಕಿಗೆ ನಡೆಯುತ್ತಿದ್ದರು. ಆ ಕಡೆಯಿಂದ ಲಾರಿ ಬರುತ್ತಿತ್ತು.

ಊರಿಗೆ ಊರೇ ನೋಡಿತು. ಒಬ್ಬನೂ ಬಾಯಿ ಬಿಡಲಿಲ್ಲ. ಅಳತೆ ನಡೆಯುತ್ತಿದೆಯಲ್ಲ! ಎಲ್ಲರೂ ಎರಡೂ ಕೈ ಎತ್ತಿ ಅತ್ತೆಗೆ ಸನ್ನೆ ಮಾಡತೊಡಗಿದರು. ಪಕ್ಕಕ್ಕೆ ಬಾ, ಪಕ್ಕಕ್ಕೆ ಬಾ ಎಂದು ಒಬ್ಬ ಟವೆಲು ಬೀಸಿದ. ಪೂಜಾರಿ ಆರತಿ ತಟ್ಟೆಯನ್ನೇ ಬೀಸಿದ. ಕಣ್ಣಿಲ್ಲದ ಹೆಂಗಸಿಗೆ ಕೈಸನ್ನೆ ಮಾಡುವ ಊರು ಭೂಮಿಯ ಮೇಲೆ ಇನ್ನೆಲ್ಲಾದರೂ ಇದ್ದರೆ ಹೇಳಿ, ನಾನು ಹೋಗಿ ಅವರ ಪಾದಕ್ಕೆ ಬೀಳುತ್ತೇನೆ.

ನಾನು ಕೂಗಿದೆ. ಹೊಟ್ಟೆಯ ತಳದಿಂದ "ಅತ್ತೇ" ಎಂದು ಕೂಗಿ ಓಡಿದೆ. ಅದೇ ಗಳಿಗೆಗೆ ದೊಡ್ಡ ವಿಮಾನ ತಲೆಯ ಮೇಲೆ ಬಂತು. ಕೂಗುತ್ತಿದ್ದುದು ನನಗೇ ಕೇಳಿಸಲಿಲ್ಲ. ಅತ್ತೆ ನಡೆಯುತ್ತಲೇ ಇದ್ದರು, ಪೊರಕೆ ಹಿಡಿಯಲ್ಲಿ ಟಾರನ್ನು ಕುಟ್ಟುತ್ತಾ, ತಂಗಿಯ ಮನೆಯ ಮೆಟ್ಟಿಲು ಇನ್ನೂ ಯಾಕೆ ಸಿಗಲಿಲ್ಲ ಎಂದು ಮುಖ ಗಂಟಿಕ್ಕಿಕೊಂಡು. ದೇವರೇ, ಇವರನ್ನು ಉಳಿಸು, ಜನ್ಮವಿಡೀ ಬೈಸಿಕೊಂಡು ಬಿದ್ದಿರುತ್ತೇನೆ ಎಂದುಕೊಂಡೆ.

ಲಾರಿ ದೂರದಲ್ಲೇ ನಿಂತಿತು. ನಾನು ಅತ್ತೆಯ ಹತ್ತಿರ ಹೋಗುವಷ್ಟರಲ್ಲಿ ಡ್ರೈವರ್ ಇಳಿದು ಬಂದು, ಕೈ ಎತ್ತಿ ನಿಂತ ಇಬ್ಬದಿಯ ಜನರನ್ನು ನೋಡಿ, "ಯಾವ ಸಂಘಟನೆಯವ್ರು ಸಾರ್ ನೀವು? ರಸ್ತೆ ತಡೆ ಎಷ್ಟೊತ್ತು?" ಎಂದು ಕೇಳಿದ. ಅಧ್ಯಕ್ಷರ ಯಜಮಾನರು ಅವನಿಗೂ ತುಟಿಗೆ ಬೆರಳಿಟ್ಟು ತೋರಿಸಿದರು. ವಿಮಾನ ದೂರವಾಗಿ, ಮತ್ತೆ ಊರೆಲ್ಲ ಗಪ್‌ಚಿಪ್ ಆಯಿತು. ಆ ನಿಶ್ಶಬ್ದದಲ್ಲಿ, ರಸ್ತೆಯ ನಡುವೆ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡು ಅತ್ತೆ ದೊಡ್ಡ ದನಿಯಲ್ಲಿ ಕೇಳಿದರು:

"ಯಾರ್ ಸತ್ತಾರ್ರೋ ಊರಾಗೆ?"

ಗಿರಣಿಯವನು ಓಡಿಹೋಗಿ ಮೋಟರ್ ಹಾಕಿದ. ಪಟಪಟ ಎಂದು ಬೆಲ್ಟು ತಿರುಗಿದ್ದೇ ತಡ, ಅತ್ತೆ ಅತ್ತ ತಿರುಗಿ, "ಇಲ್ಲೈತಾ ಇದು? ಹಾಳಾದೋನೇ, ಇದು ಎಡಗಿವಿಗೆ ಇರಬೇಕಿತ್ತಲ್ಲೋ!" ಎಂದು ಕಿರುಚಿದರು. ಆಗ ನಮಗೆ ಗೊತ್ತಾಯಿತು. ಗಿರಣಿ ಎಡಕ್ಕೆ, ದೇವಸ್ಥಾನದ ಮೈಕು ಬೆನ್ನಿಗೆ, ಡೈರಿಯ ಕ್ಯಾನು ಎದುರಿಗೆ. ಅತ್ತೆ ಇಷ್ಟು ವರ್ಷ ನೇರವಾಗಿ ದಾಟುತ್ತಿದ್ದುದು ಇವುಗಳ ನಡುವೆ. ನಾವು ಮೂರನ್ನೂ ಬಾಯಿ ಮುಚ್ಚಿಸಿ ಮುದುಕಿಯನ್ನು ಬಯಲಿನಲ್ಲಿ ಬಿಟ್ಟಿದ್ದೆವು. ನಾನು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತುಬಿಟ್ಟೆ.

ಹುಡುಗಿಯೂ ಬೆವತುಹೋಗಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮೀಟರಿನ ಗೆರೆಯನ್ನು ತೋರಿಸಿ, "ಇದು ವಿಮಾನ. ಇದರ ಮೇಲೆ ಚೂಪಾಗಿ ಎದ್ದಿದೆಯಲ್ಲ, ಇದು ನೀವು ಕೂಗಿದ್ದು ಮೇಡಂ" ಎಂದಳು. ಮೀಟರಿನ ಪಕ್ಕದಲ್ಲೇ ನಿಂತು ಕೂಗಿದ್ದರಿಂದ ಹಾಗೆ, ಎಂದು ವಿಜ್ಞಾನದ ಟೀಚರಿಗೆ ಸಮಾಧಾನವನ್ನೂ ಹೇಳಿದಳು. ಅಧ್ಯಕ್ಷರ ಯಜಮಾನರು ಹಾಗಾದರೆ ಮೊದಲು ಟೀಚರ್ ಮೇಲೆ ಅರ್ಜಿ ಕೊಡೋಣ ಎಂದು ನಗಲು ನೋಡಿದರು. ನಾನು ಅವರಿಗೆ ಹೇಳಿದ್ದನ್ನು ಅಚ್ಚಿನಲ್ಲಿ ಹಾಕುವಂತಿಲ್ಲ.

ಆದರೆ ಆ ಹುಡುಗಿ ಬುದ್ಧಿವಂತೆ. ಇಡೀ ದಿನದ ಸದ್ದನ್ನೆಲ್ಲ ಕಲಸಿ ಸರಾಸರಿ ತೆಗೆದರೆ ನಮ್ಮೂರು ಹೆಚ್ಚುಕಡಿಮೆ ಸುಖವಾಗಿಯೇ ಇದೆ ಎಂದು ಬರುತ್ತದೆ, ಅದರಿಂದ ಅಜ್ಜಿಗೆ ಏನೂ ಪ್ರಯೋಜನವಿಲ್ಲ, ಅಜ್ಜಿ ಸರಾಸರಿಯಲ್ಲಿ ರಸ್ತೆ ದಾಟುವುದಿಲ್ಲವಲ್ಲ ಎಂದಳು. ಮುಂದೆ ಹಲವು ಬೆಳಿಗ್ಗೆ ಬಂದು, ಮೀಟರನ್ನು ಅತ್ತೆಯ ಕಿವಿಯ ಎತ್ತರಕ್ಕೆ ಇಳಿಸಿ, ರಸ್ತೆಯಂಚಿನಲ್ಲಿ ಕುರ್ಚಿ ಹಾಕಿ ಅವರನ್ನೂ ಕೂರಿಸಿದಳು. ಗಿರಣಿ, ಮೈಕು, ದೋಸೆ ಎಲ್ಲ ಎಂದಿನಂತೆ. ಗಾಡಿಯ ಸದ್ದು ಕೇಳದೇ ಹೋದಾಗ ಅತ್ತೆ ಕೈ ಎತ್ತಬೇಕು, ಕೇಳಿದಾಗ ಇಳಿಸಬೇಕು. ಅತ್ತೆ ಹೊಸ ಸೀರೆ ಉಟ್ಟುಕೊಂಡು ಬಂದು ಕೂತರು. ಮೊದಲ ದಿನವೇ ಕಳ್ಳಾಟ. ವಿಮಾನ ಹೋಗಿ ಬಹಳ ಹೊತ್ತಾದರೂ ಎತ್ತಿದ ಕೈ ಇಳಿಸಲೊಲ್ಲರು.

"ಅಜ್ಜಿ, ಈಗ ಬಸ್ಸು ಹೋಯ್ತು. ಕೇಳಿಸಲಿಲ್ವಾ?" ಎಂದಳು ಹುಡುಗಿ.

"ಕೇಳ್ಸಿತು."

"ಮತ್ತೆ ಕೈ?"

"ಅವ್ರಿಗೆ ಇನ್ನೊಂಚೂರು ಇರಲಿ ಅಂತ."

ಹುಡುಗಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಅತ್ತೆ ನಿಯತ್ತಾಗಿ ಕೈ ಎತ್ತಿದರು, ನಡುನಡುವೆ ಅವಳಿಗೆ ಚನ್ನಗಿರಿ ಕಡೆಯ ಒಂದು ಗಂಡು ಗೊತ್ತು ಮಾಡಲೂ ನೋಡಿದರು. ಕೊನೆಗೆ ತಿಳಿದದ್ದು ಇಷ್ಟು: ದೊಡ್ಡ ವಿಮಾನ ಬಂದು ಹೋದರೆ ಮುಗಿಯಿತು, ಅದು ಹೋಗುವ ತನಕ ನಿಂತು ಆಮೇಲೆ ದಾಟಬಹುದು. ಬೆಳಗಿನ ಹೊತ್ತನ್ನೆಲ್ಲ ತಿಂದುಹಾಕುತ್ತಿದ್ದುದು ಬಿಟ್ಟೂಬಿಡದೆ ಸುತ್ತುವ ಸಣ್ಣವು.

ವಿಮಾನ ನಿಲ್ದಾಣದವರ ಮುಂದೆ ಇದನ್ನು ಇಟ್ಟಾಗ, ಸಣ್ಣವನ್ನು ಇನ್ನೊಂದು ದಿಕ್ಕಿಗೆ ತಿರುಗಿಸೋಣ ಎಂಬ ಮಾತು ಬಂತು. ನಮ್ಮವರು ಚಪ್ಪಾಳೆ ತಟ್ಟಿದರು. ಆ ದಿಕ್ಕಿನ ತಾಂಡಾದಿಂದ ಬಂದಿದ್ದ ಹೆಂಗಸೊಬ್ಬಳು ಎದ್ದು, "ನಿಮ್ಮ ಮನೆ ಕಸ ನಮ್ಮ ಅಂಗಳಕ್ಕೆ ಗುಡಿಸ್ತೀರೇನ್ರಿ? ನಮ್ಮ ನಾಯಿ ಬೇಡ ಅಂದ್ರೂ ಅವತ್ತು ನಿಮ್ಮ ನಾಯಿ ಇಟ್ಕೊಂಡಿದ್ವಿ" ಎಂದಳು. ಚಪ್ಪಾಳೆ ನಿಂತಿತು. ಮಾತು, ಕೂಗಾಟ, ಚಹಾ, ಮತ್ತೆ ಮಾತು. ಕಡೆಗೆ, ಸಣ್ಣ ವಿಮಾನಗಳು ಮುಂಜಾನೆ ಬೇಡ, ಹೊತ್ತೇರಿದ ಮೇಲೆ ಏಳಲಿ, ಸುತ್ತುವಾಗ ಇನ್ನೂ ಎತ್ತರದಲ್ಲಿ ಸುತ್ತಲಿ ಎಂದು ನಮ್ಮವರೂ ತಾಂಡಾದವರೂ ನಿಲ್ದಾಣದವರೂ ಒಪ್ಪಿದರು. ರಸ್ತೆಗೆ ಎರಡು ಕಡೆ ಹಂಪ್ಸ್ ಹಾಕಿಸುವುದು ಪಂಚಾಯ್ತಿಯ ಪಾಲಿಗೆ ಬಂತು. ನನ್ನ ಗಂಡ ಆ ಸಂಜೆ ಅಟ್ಟ ಹತ್ತಿ, ಕೋಲು ಇಳಿಸಿ, ಧೂಳು ಒರೆಸಿ, ಮೂಲೆಗೆ ಇಟ್ಟರು.

ಮುಂಜಾನೆ ಸದ್ದಡಗಿದ ಮೊದಲ ದಿನ ಅತ್ತೆ ಸ್ನಾನ ಮಾಡಿ, ತಲೆ ಬಾಚಿ, ಎಲೆ ಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿ ಹೊರಟರು. ಊರವರು ನೋಡುತ್ತಿಲ್ಲ ಎಂಬಂತೆ ನೋಡುತ್ತಿದ್ದರು. ಗಿರಣಿ ಓಡುತ್ತಿತ್ತು, ಮೈಕು ಹಾಡುತ್ತಿತ್ತು, ಕ್ಯಾನು ಎದುರಿಗೆ ಗಣಗಣ ಎನ್ನುತ್ತಿತ್ತು. ದೊಡ್ಡ ವಿಮಾನ ಬಂದು ಹೋಯಿತು. ರಸ್ತೆ ಖಾಲಿ. ಅತ್ತೆ ಅಂಚಿಗೆ ನಿಂತು ತಲೆ ವಾಲಿಸಿದರು.

ನಿಂತೇ ಇದ್ದರು.

ಒಂದು ಬಸ್ಸು ಬಂದು, ಹಂಪ್ಸ್‌ನಲ್ಲಿ ನಿಧಾನವಾಗಿ, ದಾಟಿ ಹೋಯಿತು. ಮತ್ತೆ ರಸ್ತೆ ಖಾಲಿ. ಅತ್ತೆ ಒಂದು ಕಾಲು ಮುಂದಿಟ್ಟು ಹಿಂದೆಳೆದುಕೊಂಡರು. ಹಿಂದೆ ನಿಂತಿದ್ದ ನನ್ನ ಕಡೆಗೆ ಕೈ ಚಾಚಿ, ನಾನು ಅವರ ಬಾಯಲ್ಲಿ ಎಂದೂ ಕೇಳದಷ್ಟು ಸಣ್ಣ ದನಿಯಲ್ಲಿ ಹೇಳಿದರು: "ಕೈ ಹಿಡಿಯೇ."

ಹಿಡಿದೆ. ಆ ದಿನ ರಸ್ತೆಯ ನಡು ಯಾವುದು ಅಂಚು ಯಾವುದು ತಿಳಿಯದೆ ನಿಂತ ಭಯ ಅವರೊಳಗೆ ಹೊಕ್ಕು ಕೂತಿದೆ ಎಂದು ನಮಗೆ ಹೊಳೆದೇ ಇರಲಿಲ್ಲ. ಅಳೆಯುವ ಹುಡುಗಿಗೂ ಇಲ್ಲ, ವಿಜ್ಞಾನದ ಟೀಚರಿಗೂ ಇಲ್ಲ. ಇಷ್ಟು ಓಡಾಡಿ, ಇಷ್ಟು ಮಂದಿಯನ್ನು ಒಪ್ಪಿಸಿ, ಕೊನೆಗೆ ಅತ್ತೆಯನ್ನು ನಾನೇ ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತಲ್ಲ ಎಂದುಕೊಂಡೆ.

ಆಗ ಆಚೆ ಬದಿಯಿಂದ ದನಿ ಬಂತು. "ಏನೇ ಮುದುಕೀ, ನಿಂತ್ಕೊಂಡೇ ನಿದ್ದಿ ಮಾಡ್ತಿಯೇನು?"

ಚಿಕ್ಕತ್ತೆ. ಅದು ಹೇಗೆ ಬಂದಳೋ! ಪ್ಲಾಸ್ಟಿಕ್ ಕುರ್ಚಿಯೊಂದನ್ನು ಮುಂದೆ ಮುಂದೆ ತಳ್ಳಿಕೊಂಡು, ಎರಡು ಹೆಜ್ಜೆಗೊಮ್ಮೆ ಅದರ ಮೇಲೆ ಕುಸಿದು, ಮನೆಯಿಂದ ರಸ್ತೆಯ ಅಂಚಿನ ತನಕ ಬಂದು ಕೂತಿದ್ದಳು. ಮುಖವೆಲ್ಲ ಬೆವರು. "ಬರ್ತೀಯೋ, ಇಲ್ಲಾ ನಾನೇ ಅಂಬೆಗಾಲಿಟ್ಕೊಂಡು ಬರ್ಲೋ?" ಎಂದು ಕೂಗಿದಳು.

"ಕೂತ್ಕಳೇ, ಎದ್ದುಗಿದ್ದೀಯ! ಬಿದ್ದು ಸತ್ರೆ ನಿನ್ನ ಎತ್ತೋರ್ ಯಾರು?" ಎಂದು ಅತ್ತೆ ನನ್ನ ಕೈ ಒದರಿ ರಸ್ತೆಗೆ ಇಳಿದರು.

ಚಿಕ್ಕತ್ತೆ ಬೈಯುತ್ತಲೇ ಇದ್ದಳು. ಹೆದರುಪುಕ್ಕಿ, ಮೂಳಿ, ಅವ್ವ ನಿನ್ನ ಹೆರೋ ಬದಲು ಒಂದು ಒರಳುಕಲ್ಲು ಹೆರಬೇಕಿತ್ತು ಎಂದೆಲ್ಲ. ಅತ್ತೆ ಆ ದನಿಯ ಕಡೆಗೆ ಒಂದೊಂದೇ ಹೆಜ್ಜೆ ಇಟ್ಟರು. ದೂರದಲ್ಲಿ ಒಂದು ಟೆಂಪೊ ಹಾರ್ನ್ ಹೊಡೆಯದೆ ನಿಂತಿತ್ತು. ಅತ್ತೆ ಸರಿಯಾಗಿ ನಡುರಸ್ತೆಗೆ ಬಂದಾಗ, ಇಷ್ಟು ದಿನಗಳ ಮೇಲೆ ಅಕ್ಕನ ಮುಖ ಹತ್ತಿರದಿಂದ ಕಂಡಿತೇನೋ, ಚಿಕ್ಕತ್ತೆಯ ಬೈಗುಳ ಅರ್ಧಕ್ಕೇ ನಿಂತು ಅಳು ಬಂದುಬಿಟ್ಟಿತು. ಸೆರಗನ್ನು ಬಾಯಿಗೆ ತುರುಕಿಕೊಂಡು ಸದ್ದಿಲ್ಲದೆ ಅಳತೊಡಗಿದಳು.

ಅತ್ತೆ ನಿಂತುಬಿಟ್ಟರು. ತಲೆ ಅತ್ತ ಇತ್ತ ತಿರುಗಿತು. ಕೋಲು ಗಾಳಿಯಲ್ಲಿ ತಡಕಾಡಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ.

"ಯಾಕೇ ಸುಮ್ನಾದಿ?" ಎಂದು ಅತ್ತೆ ಚೀರಿದರು. "ಬೈಯೇ! ನಿಲ್ಲಿಸಬ್ಯಾಡ್ವೇ, ಬೈತಾ ಇರೇ!"

ಚಿಕ್ಕತ್ತೆ ಬಾಯಿಂದ ಸೆರಗು ಕಿತ್ತಳು. ಅಳುತ್ತಲೇ, ಮೂಗು ಸುರಿಸಿಕೊಂಡು, ಊರೆಲ್ಲ ಕಿವಿ ಮುಚ್ಚಿಕೊಳ್ಳುವಂಥ ಹೊಲಸು ಬೈಗುಳಗಳನ್ನು ಒಂದರ ಹಿಂದೊಂದು ಬೈದಳು. ಅತ್ತೆ ಅವುಗಳ ಹಿಂದೆಯೇ ನಡೆದು ಆಚೆ ಬದಿ ಮುಟ್ಟಿದರು.